ಅಕ್ಕ ಮುಟ್ಟಗೊಡದ ಸ್ಕ್ರೂ

ಮೊನ್ನೆ ನನ್ನ ಹೆಂಡತಿ ಮಗುವಿನ ನೆತ್ತಿಗೆ ಹಚ್ಚೋಣವೆಂದು ಹರಳೆಣ್ಣೆ ಒಲೆ ಮೇಲಿಟ್ಟು ಮರೆತುಬಿಟ್ಟಳು. ಸೀದ ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ಮಧುಗಿರಿಯ ಆ ಅಂಗಳ ನೆನಪಾಯಿತು. ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದೆನೇನೋ. ಅವತ್ತು ನಾನೇ ಎದ್ದು ಒಲೆ ಆರಿಸಿದೆ.

ಆಗ ನಾನು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಾಡಿಗೆಗಿದ್ದ ಮನೆಯ ಒಡತಿಯನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ರವಿಕೆ ಹೊಲಿಯುತ್ತಿದ್ದರು, ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋದಮೇಲೆ ತಮ್ಮನನ್ನು ಸಾಕಿದ್ದೇ ಅವರು. ಆ ತಮ್ಮನಿಗೋ ಒಂದೇ ಹುಚ್ಚು, ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರು. ಬ್ಯಾಟರಿಯದಲ್ಲ ಮಾರಾಯ್ರೇ, ನಿಜವಾದ ಎಂಜಿನ್ ಇದ್ದದ್ದು! ಹರಳೆಣ್ಣೆ ಬೆರೆತ ಇಂಧನ ಕುಡಿಯುತ್ತಿತ್ತು. ಬೇಸಿಗೆಯಲ್ಲಿ ಕಳ್ಳಂಬೆಳ್ಳದ ಕೆರೆ ಒಣಗಿದಾಗ ಅಲ್ಲಿ ಓಡಿಸೋನು. ಕಿವಿಗೊಟ್ಟು ಕೇಳುತ್ತಾ, ಇಂಧನ ಬಿಡುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, "ಈಗ ನೋಡಣ್ಣ, ಹೆಂಗೆ ಹಾಡ್ತೈತೆ" ಅನ್ನೋನು. ನನಗೂ ಅವನೇ ಕಲಿಸಿದ. ಅದೇ ಬೇಸಿಗೆ ಮುಗಿಯುವಷ್ಟರಲ್ಲಿ ಸಿರಾ ಹೈವೇಯಲ್ಲಿ ಲಾರಿ ಗುದ್ದಿ ಹೋಗಿಬಿಟ್ಟ... ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ.

ಧನುರ್ಮಾಸದ ಒಂದು ಬೆಳಗ್ಗೆ, ಹಲ್ಲು ಕಟಕಟ ಅನ್ನುವ ಚಳಿ. ಅಕ್ಕ ಕಾರು ಹಿಡಿದು ಬಾಗಿಲಿಗೆ ಬಂದರು. "ಒಂದ್ಸಲ ಸ್ಟಾರ್ಟ್ ಮಾಡ್ಕೊಡಪ್ಪ. ಅವನಿದ್ದಾಗ ಕೇಳ್ತಿತ್ತಲ್ಲ, ಅಂಗೇ ಕೇಳ್ಬೇಕು" ಅಂದರು.

ಕಾರನ್ನು ಅಂಗಳದಲ್ಲಿಟ್ಟು, ಪ್ಲಗ್ಗಿಗೆ ಕಾವು ಕೊಟ್ಟು ಹಗ್ಗ ಎಳೆದೆ. ಕೆಮ್ಮಿ ನಿಂತಿತು. ಮತ್ತೆ ಎಳೆದೆ, ಹತ್ತಿಕೊಂಡಿತು. ಆದರೆ ಸದ್ದು ಕೀರಲು, ಹೊಗೆ ಇಲ್ಲವೇ ಇಲ್ಲ. ಎಂಜಿನ್ನಿನ ತಲೆ ಮೇಲೆ ಒಂದು ಹನಿ ನೀರು ಬಿಟ್ಟೆ, ಚುಂಯ್ ಅಂತ ಹಾರಿಹೋಯಿತು. ತಮ್ಮ ಸ್ಕ್ರೂ ಹೊಂದಿಸಿದ್ದು ಬೇಸಿಗೆಯ ಬಿಸಿಲಿಗೆ. ಚಳಿಯ ಗಾಳಿ ದಟ್ಟ, ಇಂಧನ ಹೆಚ್ಚು ಬಿಡದಿದ್ದರೆ ಎಂಜಿನ್ ಕಾದು ಕಚ್ಚಿಕೊಳ್ಳುತ್ತದೆ.

"ಅಕ್ಕ, ಸ್ಕ್ರೂ ಒಂಚೂರು ಬಿಚ್ಬೇಕು. ಇಲ್ಲಾಂದ್ರೆ ಜಾಮ್ ಆಗೋಯ್ತದೆ."

ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಬ್ಯಾಡ ಕಣಪ್ಪ. ಕೊನೇಲಿ ಅವ್ನೇ ತಿರುಗ್ಸಿ ಬಿಟ್ಟಿರೋದು ಅದು. ಅದನ್ನೂ ಮುಟ್ಬುಟ್ರೆ ಅವ್ನುದು ಅಂತ ಇನ್ನೇನೈತೆ ನಂಗೆ?"

"ಅಂಗಾರೆ ಆಫ್ ಮಾಡ್ಬುಡ್ತೀನಿ."

"ಅದೂ ಬ್ಯಾಡ."

ನನಗೆ ಸಿಟ್ಟೇ ಬಂತು. ಅಂಥಾ ಎಂಜಿನ್ ಕಣ್ಣೆದುರಿಗೇ ಹಾಳಾಗುತ್ತಿದೆ, ಇವರದೊಂದು ಹಟ! ಆದರೆ ಅವರ ಮುಖ ನೋಡಿದಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಅಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಸದ್ದು ಏರಿತು, ಇನ್ನೂ ಏರಿತು, ಕಿರುಚಿಕೊಂಡಿತು... ಟಕ್ ಅಂತ ನಿಂತಿತು. ಸೀದ ಹರಳೆಣ್ಣೆ ವಾಸನೆ ಅಂಗಳವೆಲ್ಲ ತುಂಬಿಕೊಂಡಿತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ.

ಅಕ್ಕ ಸೆರಗಿನಿಂದ ಕಾರು ಒರೆಸಿದರು. "ಆಯ್ತು ಬುಡು. ಇನ್ ಯಾರೂ ಅದ್ನ ತಿರುಗ್ಸಂಗಿಲ್ಲ" ಅಂದರು. ಆಮೇಲೆ ಎಷ್ಟೋ ಹೊತ್ತು ಅತ್ತರು.

ಅಕ್ಕನೂ ಹೋಗಿ ವರ್ಷವಾಗುತ್ತಾ ಬಂತು. ಮನೆ ಯಾರೋ ದೂರದ ನೆಂಟರ ಪಾಲಾಯಿತು, ಸಾಮಾನೆಲ್ಲ ಗುಜರಿಗೆ ಹೋಯಿತಂತೆ. ತಮ್ಮನನ್ನು ನೆನೆದು ಅಳೋಕೆ ಅಕ್ಕನಾದರೂ ಇದ್ದರು. ಅಕ್ಕನಿಗಾಗಿ ಅಳೋಕೆ ಉಳಿದವನು, ಒಂದು ಕಾಲದಲ್ಲಿ ಬಾಡಿಗೆಗಿದ್ದ ನಾನೊಬ್ಬನೇ.