ಧರ್ಮಣ್ಣ ತಡವಾಗಿ ಕೇಳಿದ ಒಡಪು

ನೆಲೋಗಿಯ ಧರ್ಮಣ್ಣನಿಗೆ ಹೆಂಡತಿ ಹಣಮವ್ವ ಇಟ್ಟ ಹೆಸರು ‘ಏನ್ರಿ’. ಮಗಳು ಹುಟ್ಟಿದ ಮೇಲೆ ಅದು ‘ಜಯಮಾಲಾನ ಅಪ್ಪ’ ಎಂದು ಬಡ್ತಿ ಪಡೆಯಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವಳು. ಹೋದ ತಿಂಗಳು ಜಯಮಾಲಾಳ ಮದುವೆಯಲ್ಲಿ ಬೀಗಿತ್ತಿಯರು ಸುತ್ತುಗಟ್ಟಿ, ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಒಡಪು ಕಟ್ಟಿ ಹೇಳದೆ ಬಿಡೆವೆಂದು ಹಟ ಹಿಡಿದಾಗ ಹೇಳಿಯೇಬಿಟ್ಟಳಂತೆ. ಊರೆಲ್ಲ ಕೇಳಿತು. ಧರ್ಮಣ್ಣ ಮಾತ್ರ ಹುಗ್ಗಿಯ ಕೊಪ್ಪರಿಗೆಯ ಹತ್ತಿರ ಬಡಿಸುವವರ ಮೇಲೆ ರೇಗಾಡುತ್ತಿದ್ದ.

“ಇನ್ನೊಂದ್ಸಲ ಹೇಳು” ಎಂದು ಅಂಗಲಾಚಿದ.

“ಹೋಗ್ರಿ, ಮುದುಕರಾದ್ರೂ ನಾಚಿಕಿಲ್ಲ” ಎಂದಳು.

ಅವಳ ದನಿಯಲ್ಲೇ ಕೇಳಬೇಕೆಂಬ ಅವನ ಆಸೆಗೆ ಇನ್ನು ಉಳಿದದ್ದು ಮದುವೆಯ ವಿಡಿಯೊ. ಪೆನ್‌ಡ್ರೈವ್ ಕೈಗೆ ಬಂದ ದಿನವೇ ಟಿ.ವಿ.ಗೆ ಹಚ್ಚಿದ. ಹೆಂಡತಿಯ ತುಟಿ ಅಲ್ಲಾಡಿತು, ಕೇಳಿದ್ದು ಮಾತ್ರ ಬ್ಯಾಂಡಿನ ಗದ್ದಲ. ದನಿ ಏರಿಸಿದ, ಬ್ಯಾಂಡೂ ಏರಿತು. ಟಿ.ವಿ.ಯ ಬೆನ್ನಿಗೆ ಎರಡೇಟು ಬಿಗಿದ. ಪಕ್ಕದ ಮನೆಯ ಟಿ.ವಿ.ಯಲ್ಲೂ ಅದೇ ಕತೆ. ಮರುದಿನ ಬಸ್ಸು ಹಿಡಿದು ಜೇವರ್ಗಿಗೆ ಹೊರಟ.

ವಿಡಿಯೊ ಮಾಡಿದ್ದ ತೌಸೀಫ ಕಂಪ್ಯೂಟರಿಗೆ ಹಾಕಿ ನೋಡಿ ನಾಲಿಗೆ ಕಚ್ಚಿಕೊಂಡ.

“ಕಾಕಾ, ಇದರಾಗ ಎರಡು ಆಡಿಯೊ ಟ್ರ್ಯಾಕ್ ಅದಾವ್ರಿ. ಕ್ಯಾಮೆರಾದ ಮೈಕಿಂದು ಒಂದು, ಹೆಣ್ಮಕ್ಕಳ ಕೈಯಾಗ ಕೊಟ್ಟ ಮೈಕಿಂದು ಇನ್ನೊಂದು. ಟಿ.ವಿ. ಮೊದಲನೇದಷ್ಟೇ ಕೇಳಸ್ತದ. ಎರಡೂ ಕೂಡಿಸಿ ಕೊಡಬೇಕಿತ್ತು, ಮರ್ತೇನಿ. ಮಾಫ್ ಮಾಡ್ರಿ.”

“ಮಾಫಿ ಆಮ್ಯಾಲ, ಮೊದಲ ಹಚ್ಚಪಾ!”

ಚಿತ್ರದ ಕೆಳಗೆ ಕಾಣುತ್ತಿದ್ದ ಎರಡು ಪಟ್ಟಿಗಳಲ್ಲಿ ಮೊದಲನೆಯದನ್ನು ತೌಸೀಫ ಬಂದ್ ಮಾಡಿದ. ಬ್ಯಾಂಡು ತೆಪ್ಪಗಾಯಿತು. ಬಳೆಗಳ ಸದ್ದು, ಯಾರದೋ ಕೆಮ್ಮು, ಆಮೇಲೆ ಹಣಮವ್ವನ ದನಿ:

“ತೊಗರಿ ಹೊಲಕ್ಕ ಬಂತು ಹಳದಿ ಹೂವಿನ ಬಣ್ಣ,
ಉಡಿ ಬರಿದಿದ್ದಾಗೂ ಕೈ ಬಿಡಲಿಲ್ಲ ನಮ್ಮ ಧರ್ಮಣ್ಣ.”

ಹೆಸರು ಕೇಳಲು ಬಂದವನು ಅದರ ಹಿಂದಿನ ಮಾತಿಗೆ ಕಣ್ಣೀರಾದ. ಮದುವೆಯಾಗಿ ಎಷ್ಟೋ ವರ್ಷ ಅವರಿಗೆ ಮಕ್ಕಳಾಗಿರಲಿಲ್ಲ. ಅವನ ಅವ್ವ ಅಫಜಲಪುರದ ಕಡೆಯ ಹೆಣ್ಣೊಂದನ್ನು ಗೊತ್ತು ಮಾಡಿ, ಇನ್ನೊಂದು ಮದುವೆಯಾಗೆಂದು ಬೆನ್ನುಬಿದ್ದಿದ್ದಳು. ಅವನು ಒಪ್ಪಲಿಲ್ಲ. ಹೆಂಡತಿ ನೊಂದುಕೊಂಡಾಳೆಂದು ಆ ಸಂಗತಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಅವಳಿಗೆ ಏನೂ ಗೊತ್ತಿಲ್ಲವೆಂದು ಇಂದಿನವರೆಗೂ ನಂಬಿದ್ದ, ಪುಣ್ಯಾತ್ಮ!

“ನಿನ್ನ ಹೊಟ್ಟಿ ತಣ್ಣಗಿರಲಿ” ಎಂದು ತೌಸೀಫನ ತಲೆಯ ಮೇಲೆ ಕೈಯಿಟ್ಟು ಊರಿಗೆ ಮರಳಿದ.

ಹಣಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊಸ್ತಿಲಲ್ಲೇ ಕೂತ.

“ಒಡಪು ಕೇಳಿದೆ. ಅವ್ವ ಹೆಣ್ಣು ನೋಡಿದ್ದು ನಿನಗ ಯಾರು ಹೇಳಿದ್ರು?”

“ಯಾರ್ಯಾಕ ಹೇಳಬೇಕ್ರಿ? ನಿಮ್ಮವ್ವ ಪಡಸಾಲ್ಯಾಗ ಮಾತಾಡಾಕತ್ತಿದ್ರು, ನಾ ಇಲ್ಲೇ ರೊಟ್ಟಿ ಬಡ್ಯಾಕತ್ತಿದ್ನಿ. ನೀವು ಏನಂತೀರೋ ಅಂತ ಕೈ ನಿಂದರಿಸಿ ಕೇಳಿದ್ನಿ.”

ಧರ್ಮಣ್ಣ ಇಂಥವಳನ್ನು ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅವನ ಕಡೆ ನೋಡದೆ ಹೇಳಿದಳು:

“ನೀವು ‘ಒಲ್ಲೆ’ ಅಂದ್ರಲ್ಲ, ಆವತ್ತೇ ಕಟ್ಟಿದ್ನಿ ಈ ಒಡಪು.”