ಮೆಂಬರ ಮನೆ ಮುಂದಿನ ನಲ್ಲಿ

ಗೆಳತಿಯರೇ, ಇವತ್ತು ಬೆಳಿಗ್ಗೆ ಭದ್ರಾವತಿಯ ನಮ್ಮ ಬೀದಿಯ ನಲ್ಲಿಕಟ್ಟೆಯಲ್ಲೇ ವಿಚಾರಣೆ ನಡೆಯಿತು. ಬೀದಿಯ ನಲ್ಲಿಯನ್ನು ಪುರಸಭೆ ಮೆಂಬರು ತಮ್ಮ ಮನೆ ಬಾಗಿಲಿಗೇ ಹಾಕಿಸಿಕೊಂಡರೆಂಬುದು ಆಪಾದನೆ. ಚುನಾವಣೆ ಹತ್ತಿರ ಬಂದಿದೆ. ಓಟು ಕಂದಾಯ ಕಟ್ಟುವ ನಮ್ಮ ಗಂಡಂದಿರದು, ತೀರ್ಮಾನ ಕೊಡ ಹಿಡಿದ ನಮ್ಮದು.

"ಇಂಥೋರಿಗೆ ಓಟು ಯಾಕೆ?" ಎಂದು ಸಾಲಿನ ಮುಂದಿದ್ದ ಫಾತಿಮಾಬಿ ಗುಡುಗಿದಳು.

ಅಷ್ಟರಲ್ಲಿ ಮೆಂಬರೇ ಕಣ್ಣುಜ್ಜುತ್ತ ಹೊರಬಂದು ಕೈಮುಗಿದರು. "ತಪ್ಪಾಯ್ತು ತಾಯಂದಿರಾ! ಕಾರ್ಖಾನೆ ಸೈರನ್ನಾದ್ರೂ ಕೂಗಿ ಸುಮ್ನಾಗುತ್ತೆ, ನಿಮ್ಮ ಜಗಳ ನಿಲ್ಲಲ್ಲ. ನಿದ್ದೆನೇ ಇಲ್ಲ. ಗೆದ್ರೆ ಮೊದ್ಲು ನಲ್ಲೀನ ಬೀದಿ ಮೂಲೆಗೆ ಹಾಕಿಸ್ತೀನಿ."

ಫಾತಿಮಾಬಿ ನಮ್ಮತ್ತ ತಿರುಗಿದಳು. "ಸಜೆ ಆಗ್ಲೇ ನಡೀತಿದೆ ಕಣ್ರೇ. ನಾವ್ಯಾಕೆ ಬಿಡಿಸೋಣ?"

ಓಟು ಎದುರಾಳಿಗೆ, ನಲ್ಲಿ ಮಾತ್ರ ಅಲ್ಲೇ ಇರಲಿ ಎಂದು ತೀರ್ಪಾಯಿತು. ನಾಳೆ ಇನ್ನೂ ಬೇಗ ಬರಲು ಎಲ್ಲರೂ ಒಪ್ಪಿದ್ದೇವೆ.