ಅಣ್ಣನ ಎಡವು

ತಮ್ಮನಿಗೆ ಬ್ಯಾಂಜೋ ಹಿಡಿಯಲು ಕಲಿಸಿದವನು ಅಣ್ಣ. ಮರ ಕೊಯ್ಯುವ ಮಿಲ್ಲಿನಲ್ಲಿ ಎಡಗೈಯ ಉಂಗುರಬೆರಳನ್ನು ಗರಗಸಕ್ಕೆ ಕೊಟ್ಟು ಬಂದ ಮೇಲೂ ಅವನು ವಾದ್ಯ ಬಿಡಲಿಲ್ಲ. ಅವನಿಗೆ ಪ್ರಾಣವಾಗಿದ್ದ ಒಂದು ಕುಣಿತದ ಹಾಡಿನಲ್ಲಿ, ಆ ಬೆರಳು ಒತ್ತಬೇಕಿದ್ದ ಸ್ವರ ಬಂದಾಗ ಸುಮ್ಮನೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದ. ಓಣಿಯವರು ಅದಕ್ಕೆ ‘ಎಡವು’ ಎಂದು ಹೆಸರಿಟ್ಟರು. ಕುಣಿಯುವವರು ಅಲ್ಲಿ ಕಾಲೆತ್ತಿ ಹಿಡಿದು ನಗುತ್ತಿದ್ದರು. ತಮ್ಮನಿಗೆ ಎಲ್ಲ ಬೆರಳೂ ನೆಟ್ಟಗಿದ್ದವು. ಅವನೂ ಎಡವುವುದನ್ನೇ ಕಲಿತ. ಹಾಡು ಇರುವುದೇ ಹಾಗೆ ಎಂದುಕೊಂಡಿದ್ದ, ಪಾಪ.

ಮಿಲ್ಲು ಮುಚ್ಚಿದಾಗ ತಮ್ಮ ವಾದ್ಯವನ್ನು ಹೆಗಲಿಗೇರಿಸಿ ಸಮುದ್ರ ದಾಟಿದ. ಹೊಸ ದೇಶದಲ್ಲಿ ಯಾರೂ ಇವನ ದಾರಿ ಕಾಯುತ್ತ ಕೂತಿರಲಿಲ್ಲ. ಮೊದಲು ಒಂದು ದೊಡ್ಡ ಹೋಟೆಲಿನಲ್ಲಿ ತಟ್ಟೆ ತೊಳೆದ. ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಬೆರಳ ತುದಿಯ ಚರ್ಮ ಸೋಪಿನ ನೀರಿಗೆ ಮೆತ್ತಗಾಗಿ ಕಿತ್ತು ಬಂತು. ಅದೇ ಹೋಟೆಲಿನ ಊಟದ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಬ್ಯಾಂಡು ನಡೆಯುತ್ತಿತ್ತು. ಅವರ ಬ್ಯಾಂಜೋದವನು ಕೈಕೊಟ್ಟ ದಿನ, ಇವನಿಗೂ ನುಡಿಸಲು ಬರುತ್ತದೆಂದು ಕೇಳಿ, ಇವನನ್ನು ಒದ್ದೆ ಏಪ್ರನ್ನಿನಲ್ಲೇ ಎಳೆದುಕೊಂಡು ಹೋಗಿ ಕೂರಿಸಿದರು. ಇವನು ಅಣ್ಣನ ಹಾಡು ನುಡಿಸಿದ. ಕುಣಿಯುತ್ತಿದ್ದ ಜೋಡಿಗಳು ಒಬ್ಬರ ಕಾಲನ್ನೊಬ್ಬರು ತುಳಿದರು.

“ಅಲ್ಲೊಂದು ಸ್ವರ ನುಂಗಿಬಿಟ್ಟೆಯಲ್ಲಪ್ಪ,” ಎಂದರು ಬ್ಯಾಂಡ್ ಮೇಷ್ಟ್ರು.

“ಅದು ಇರೋದೇ ಹಾಗೆ ಸಾರ್.”

“ನಿಮ್ಮೂರಲ್ಲಿರಬಹುದು. ಇಲ್ಲಿ ಜನ ಬೀಳ್ತಾರೆ. ಬೆರಳಿದೆಯಲ್ಲ, ಹಾಕು.”

ಹಾಕಿದ. ಹೊಟ್ಟೆಪಾಡು, ಹಾಕದೆ ಇನ್ನೇನು ಮಾಡಿಯಾನು? ಮೊದಮೊದಲು ಕದ್ದಂತೆ ಅನ್ನಿಸುತ್ತಿತ್ತು. ಆಮೇಲೆ ಅದೂ ಅನ್ನಿಸಲಿಲ್ಲ. ಮದುವೆಯಾಯಿತು, ಮಕ್ಕಳು ಹಾಡನ್ನು ಆ ಸ್ವರ ಸೇರಿಸಿಯೇ ಗುನುಗುತ್ತ ಬೆಳೆದರು, ಹೋಟೆಲಿನ ಮಾಲೀಕರು ಬದಲಾದರು, ಮೇಷ್ಟ್ರ ತಲೆ ಬೋಳಾಯಿತು. ಹೋಟೆಲಿನವರೆಲ್ಲ ಇವನನ್ನು ಬ್ಯಾಂಜೋ ಮಾವ ಎಂದು ಕರೆದರು. ಖುಷಿಯೂ ಇಲ್ಲ, ಬೇಸರವೂ ಇಲ್ಲ; ಭಾನುವಾರ ಬಂದರೆ ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೋಗುತ್ತಿದ್ದ.

ಅಂಥದೇ ಒಂದು ಭಾನುವಾರ, ನಡುವಿನ ಬಿಡುವಿನಲ್ಲಿ, ಅತ್ತಿಗೆಯ ಫೋನು ಬಂತು. ಅಣ್ಣ ತೀರಿಕೊಂಡಿದ್ದ.

“ಇಷ್ಟು ಬೇಗ ನೀನು ಬರೋಕಾಗಲ್ಲ, ಗೊತ್ತು ಕಣಪ್ಪ,” ಎಂದಳು. “ಎತ್ತೋಕೆ ಮುಂಚೆ ಅವರ ಹಾಡು ಒಂದ್ಸಲ ಬಾರಿಸಿಬಿಡು. ಫೋನು ಅವರ ಕಿವಿ ಹತ್ರ ಇಡ್ತೀನಿ. ಅವರ ಹಾಗೆ ಎಡವೋಕೆ ಇನ್ಯಾರಿಗೆ ಬರುತ್ತೆ ಹೇಳು? ನಿನಗೊಬ್ಬನಿಗೇ ತಾನೆ ಕಲಿಸಿದ್ದು?”

ಮುರುಕು ಕುರ್ಚಿಗಳನ್ನು ಪೇರಿಸಿಟ್ಟಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಳು ಬರಲಿಲ್ಲ. ಬಂದೀತೇನೋ ಎಂದು ಕಾದ. ಅಣ್ಣ ಸತ್ತ ಎಂದು ತನಗೆ ತಾನೇ ಹೇಳಿಕೊಂಡ. ಪಕ್ಕದ ಬೀದಿಯ ಯಾರದೋ ಸುದ್ದಿಯಂತೆ ಕೇಳಿಸಿತು. ಇದೊಂದನ್ನಾದರೂ ಸರಿಯಾಗಿ ಮಾಡಬೇಕು ಅನ್ನಿಸಿತು. ಆ ಸ್ವರ ಒಂದನ್ನು ಬಿಟ್ಟರೆ ಸಾಕು. ಬೆರಳಿನ ಮೇಲೆ ನಂಬಿಕೆಯಿಲ್ಲದೆ, ಉಂಗುರಬೆರಳನ್ನು ಮಡಚಿ ಅಂಗೈಗೆ ಸೇರಿಸಿ ಟೇಪು ಸುತ್ತಿದ.

ನುಡಿಸಿದ. ಆ ಜಾಗ ಬಂತು. ಕಿರುಬೆರಳು ಯಾರ ಮಾತೂ ಕೇಳದೆ ಹೋಗಿ ಸ್ವರವನ್ನು ಒತ್ತಿತು. ಎರಡನೇ ಸುತ್ತಿನಲ್ಲೂ ಒತ್ತಿತು. ಕೊನೆಯ ಸುತ್ತಿನಲ್ಲಿ ಹಲ್ಲು ಕಚ್ಚಿಕೊಂಡ, ಆಗಲೂ ಒತ್ತಿತು.

ಫೋನನ್ನೆತ್ತಿ ಕಿವಿಗೆ ಹಿಡಿದ.

“ಪೂರ್ತಿ ಬಾರಿಸಿಬಿಟ್ಟೆಯಲ್ಲೋ,” ಎಂದಳು ಅತ್ತಿಗೆ ಮೆಲ್ಲಗೆ.

“ಇನ್ನೊಂದ್ಸಲ ನೋಡ್ತೀನಿ ಅತ್ತಿಗೆ.”

“ಬೇಡ ಬಿಡು. ಗಾಡಿ ಬಂತು.”

ಟೇಪನ್ನು ಎಳೆದ. ಒಂದಿಷ್ಟು ಚರ್ಮವೂ ಕಿತ್ತು ಬಂತು, ಉರಿಯಲಿಲ್ಲ. ಹಾಲಿಗೆ ಹೋಗಿ ತನ್ನ ಜಾಗದಲ್ಲಿ ಕೂತ.

“ಯಾರದು ಫೋನು?” ಎಂದರು ಮೇಷ್ಟ್ರು.

“ಊರಿಂದ. ಅಣ್ಣಂದೊಂದು ಹಾಡು ಬಾರಿಸು ಅಂದ್ರು.”

“ಬಾರಿಸಿದ್ಯಾ?”

“ಬರಲಿಲ್ಲ ಸಾರ್.”